ಪಗಾರ ಬಂತೇನು? ಸಾಮಾಜಿಕ ಭದ್ರತೆ ಮತ್ತು ಜನರ ತೀರ್ಪು



ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳಲ್ಲಿ ಬೆಳೆದ ಹಿರಿಯರಿಗೆ ಈ ದೃಶ್ಯ ಹೊಸದಲ್ಲ. ಖಾಕಿ ಅಂಗಿಯ ಅಂಚೆಯವನು ಸೈಕಲ್ ತಳ್ಳಿಕೊಂಡು ಬರುತ್ತಾನೆ. ಕಟ್ಟೆಯ ಮೇಲೆ ಕುಳಿತ ಮುದುಕಿ ಹುಬ್ಬಿಗೆ ಕೈ ಅಡ್ಡ ಹಿಡಿದು ಅವನನ್ನು ಗುರುತಿಸಿ, "ತಮ್ಮಾ, ನನ್ನ ಪಗಾರ ಬಂತೇನು?" ಎಂದು ಕೇಳುತ್ತಾಳೆ. "ಇನ್ನೂ ಬಂದಿಲ್ಲಬೇ ಯವ್ವಾ, ಬಂದ ಕೂಡಲೆ ಮನಿಗೇ ತರತೇನಿ" ಎಂದು ಅವನು ಮುಂದೆ ಹೋಗುತ್ತಾನೆ. ಆಕೆ ಎಂದೂ ಕಚೇರಿಯಲ್ಲಿ ದುಡಿದವಳಲ್ಲ. ಆಕೆ ಕೇಳುತ್ತಿರುವುದು ಮನಿ ಆರ್ಡರಿನ ಮೂಲಕ ಬರುತ್ತಿದ್ದ ಸರಕಾರದ ವೃದ್ಧಾಪ್ಯ ವೇತನವನ್ನು.

ಈ ಹಣಕ್ಕೆ ನಮ್ಮಲ್ಲಿ ಹಲವು ಹೆಸರುಗಳಿವೆ. ಕಾಗದಪತ್ರಗಳಲ್ಲಿ ಅದು ವೃದ್ಧಾಪ್ಯ ವೇತನ. ಕೆಲವೊಮ್ಮೆ ಮಾಸಾಶನ, ಅಂದರೆ ತಿಂಗಳ ಅನ್ನ. ಜನರ ಬಾಯಲ್ಲಿ ಮಾತ್ರ ಅದು 'ಪಗಾರ'. ಪೋರ್ತುಗೀಜ್ ಭಾಷೆಯಿಂದ ಮರಾಠಿ, ಕೊಂಕಣಿ, ಕನ್ನಡಗಳಿಗೆ ಬಂದ ಈ ಶಬ್ದಕ್ಕೆ ದುಡಿಮೆಗೆ ಸಲ್ಲುವ ಸಂಬಳ ಎಂದು ಅರ್ಥ. ಅನ್ನ ಕೊಟ್ಟವರಿಗೆ ಕೈ ಮುಗಿಯುತ್ತೇವೆ. ಪಗಾರ ತಡವಾದರೆ ಏಕೆ ಎಂದು ಕೇಳುತ್ತೇವೆ. ಈ ಎರಡು ಶಬ್ದಗಳ ನಡುವಿನ ಅಂತರವೇ ಇಂದಿನ ನಮ್ಮ ವಿಷಯ.

ಸರಕಾರ ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂದು ಸಾಮಾನ್ಯ ಮನುಷ್ಯ ಹೇಗೆ ನಿರ್ಧರಿಸುತ್ತಾನೆ? ಆಯವ್ಯಯ ಪತ್ರವನ್ನು ಓದಿ ನಿರ್ಧರಿಸುವವರು ಕೆಲವರೇ. ಮುಪ್ಪು, ಕಾಯಿಲೆ, ವೈಧವ್ಯ, ಬರಗಾಲ ಇಂಥ ಕಷ್ಟದ ದಿನಗಳಲ್ಲಿ ಸರಕಾರ ತನ್ನನ್ನು ಹೇಗೆ ನಡೆಸಿಕೊಂಡಿತು ಎಂಬುದರಿಂದಲೇ ಹೆಚ್ಚಿನವರು ಅದಕ್ಕೆ ಅಂಕ ಕೊಡುತ್ತಾರೆ. ಇದರ ಇತಿಹಾಸವನ್ನು ತಿಳಿಯಲು ನಮ್ಮ ಅವಳಿ ನಗರಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ.

ಮಠ, ಮನೆತನ, ಬರಗಾಲ

ಸರಕಾರ ಈ ಕ್ಷೇತ್ರಕ್ಕೆ ಬರುವ ಮೊದಲು ಮುಪ್ಪಿನ ಭಾರವನ್ನು ಹೊತ್ತದ್ದು ಮನೆತನ. ಮನೆತನ ಕೈಬಿಟ್ಟಾಗ ಆಸರೆಯಾದದ್ದು ಮಠ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ದಾಸೋಹ, ಧಾರವಾಡದ ಮುರುಘಾಮಠದ ಪ್ರಸಾದ ನಿಲಯ ಎಲ್ಲರಿಗೂ ಗೊತ್ತಿರುವ ಉದಾಹರಣೆಗಳು. ದಾಸೋಹದ ಪಂಕ್ತಿಯಲ್ಲಿ ಕುಳಿತವನಿಗೆ ವಯಸ್ಸಿನ ದಾಖಲೆ, ಆದಾಯದ ದಾಖಲೆ ಕೇಳುವವರಿಲ್ಲ. ಅದು ದಾಸೋಹದ ಹಿರಿಮೆ. ಆದರೆ ಒಂದು ದಿನ ಊಟ ಸಿಗದಿದ್ದರೆ ಅರ್ಜಿ ಹಾಕಲು ಅಲ್ಲಿ ಅವಕಾಶವೂ ಇಲ್ಲ. ದಾನ ಪಡೆದವನು ಕೃತಜ್ಞನಾಗಿರಬಹುದು, ಲೆಕ್ಕ ಕೇಳಲಾರ.

ಸರಕಾರದ ನೆರವು ಈ ಭಾಗದಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಬರಗಾಲದಲ್ಲಿ. 1876ರಿಂದ 1878ರವರೆಗಿನ ಮಹಾಕ್ಷಾಮ ಧಾತು ಸಂವತ್ಸರದಲ್ಲಿ ಆರಂಭವಾದುದರಿಂದ ಜನ ಅದನ್ನು ಧಾತು ಬರವೆಂದೇ ನೆನಪಿಟ್ಟುಕೊಂಡರು. ಆಗ ಧಾರವಾಡ ಮುಂಬಯಿ ಪ್ರಾಂತದ ಒಂದು ಜಿಲ್ಲೆ. ಬ್ರಿಟಿಷ್ ಸರಕಾರ ಪರಿಹಾರ ಕಾಮಗಾರಿಗಳನ್ನು ತೆರೆಯಿತು, ಆದರೆ ನಿಜವಾಗಿ ಹಸಿದವರು ಮಾತ್ರ ಬರಲಿ ಎಂದು ಪರೀಕ್ಷೆಗಳನ್ನು ಒಡ್ಡಿತು. ಊರಿನಿಂದ ದೂರದ ಕಾಮಗಾರಿಗೆ ನಡೆದು ಹೋಗಬೇಕು, ಅಲ್ಲಿ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದಾಗ ದಖ್ಖನದ ಕೆಲವು ಜಿಲ್ಲೆಗಳಲ್ಲಿ ಕೆಲಸಗಾರರು ಕಾಮಗಾರಿಯನ್ನೇ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ವರದಿಗಳನ್ನು ಕಳುಹಿಸಿತು. ಹಸಿದ ಜನ ಸರಕಾರದ ನೆರವಿನ ಗುಣಮಟ್ಟದ ಬಗ್ಗೆ ತೀರ್ಪು ಕೊಟ್ಟ ಪ್ರಸಂಗವಿದು. ಮುಂದೆ 1880ರ ಬರಗಾಲ ಆಯೋಗದ ಶಿಫಾರಸಿನಂತೆ ಬರಗಾಲ ನಿಯಮಾವಳಿ ರೂಪುಗೊಂಡಿತು. ಪ್ರಾಣ ಉಳಿಸುವುದು ಸರಕಾರದ ಹೊಣೆ ಎಂಬ ಮಾತು ಮೊದಲ ಸಲ ನಿಯಮದ ರೂಪ ಪಡೆಯಿತು. ಆದರೆ ನೆರವು ಬೇಡುವವನನ್ನು ಮೊದಲು ಸಂಶಯದಿಂದ ನೋಡುವ ಪದ್ಧತಿಯೂ ಅದರ ಜೊತೆಗೇ ಉಳಿಯಿತು.

ರೈಲಿನ ಊರು, ಗಿರಣಿಯ ಊರು

ಅದೇ ಕಾಲದಲ್ಲಿ ಹುಬ್ಬಳ್ಳಿಯಲ್ಲಿ ಇನ್ನೊಂದು ಬಗೆಯ ಬದುಕು ಆರಂಭವಾಗುತ್ತಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಇಲ್ಲಿ ಕಾರ್ಯಾಗಾರವನ್ನು ತೆರೆಯಿತು. ಹತ್ತಿಯ ಗಿರಣಿಗಳೂ ಬಂದವು. ಗಿರಣಿ ಚಾಳ ಎಂಬ ಬಡಾವಣೆಯ ಹೆಸರು ಇಂದಿಗೂ ಆ ಕಾಲದ ನೆನಪನ್ನು ಉಳಿಸಿಕೊಂಡಿದೆ. ಸಿಳ್ಳಿನ ಸದ್ದಿಗೆ ಎದ್ದು, ತಿಂಗಳಿಗೊಮ್ಮೆ ಪಗಾರ ಎಣಿಸುವ ಕೆಲಸಗಾರ ವರ್ಗ ಹುಟ್ಟಿತು. ರೈಲ್ವೆ ನೌಕರನ ಪಗಾರದಿಂದ ಭವಿಷ್ಯ ನಿಧಿಗೆ ಒಂದು ಪಾಲು ಹೋಗುತ್ತಿತ್ತು. 1957ರ ನವೆಂಬರಿನಿಂದ ರೈಲ್ವೆಯಲ್ಲಿ ಪಿಂಚಣಿ ಪದ್ಧತಿಯೂ ಬಂತು.

ಯುರೋಪಿನ ಆಳುವವರು ಪಿಂಚಣಿಯ ರಾಜಕೀಯ ಬೆಲೆಯನ್ನು ಆಗಲೇ ಅರಿತಿದ್ದರು. ಜರ್ಮನಿಯ ಬಿಸ್ಮಾರ್ಕ್ 1889ರಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯ ವಿಮೆಯ ಕಾನೂನು ತಂದದ್ದು ಕೇವಲ ಕರುಣೆಯಿಂದಲ್ಲ. ಸಮಾಜವಾದಿಗಳತ್ತ ವಾಲುತ್ತಿದ್ದ ಕಾರ್ಮಿಕರನ್ನು ರಾಜ್ಯದತ್ತ ಸೆಳೆಯುವುದೂ ಅವನ ಉದ್ದೇಶವಾಗಿತ್ತು. ಇಂಗ್ಲೆಂಡು 1908ರ ಕಾನೂನಿನಂತೆ 70 ವರ್ಷ ದಾಟಿದ ಬಡವರಿಗೆ ವಾರಕ್ಕೆ ಗರಿಷ್ಠ 5 ಶಿಲಿಂಗ್ ಪಿಂಚಣಿ ಕೊಟ್ಟಿತು. 1909ರ ಜನವರಿ 1ರಿಂದ ಆರಂಭವಾದ ಈ ಪಿಂಚಣಿಯನ್ನು ಅವಮಾನಕ್ಕೆ ಹೆಸರಾದ ಬಡವರ ಪರಿಹಾರ ಕಚೇರಿಯಲ್ಲಿ ಹಂಚದೆ ಅಂಚೆ ಕಚೇರಿಯಲ್ಲಿ ಹಂಚಿದರು. ಹಣದಷ್ಟೇ ಹಣ ಸಿಗುವ ಕಿಟಕಿಯೂ ಮುಖ್ಯವೆಂದು ಆಗಲೇ ತಿಳಿದಿತ್ತು.

ಭಾರತದಲ್ಲಿ ಪ್ರೊಫೆಸರ್ ಬಿ.ಪಿ. ಅಡಾರ್ಕರ್ ಅವರು 1944ರಲ್ಲಿ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿ ಕೊಟ್ಟರು. ಅದರ ಹಿನ್ನೆಲೆಯಲ್ಲಿ 1948ರ ನೌಕರರ ರಾಜ್ಯ ವಿಮಾ ಕಾಯ್ದೆ ಬಂತು, 1952ರಲ್ಲಿ ಭವಿಷ್ಯ ನಿಧಿ ಕಾಯ್ದೆ ಬಂತು. ಈ ಎರಡರ ತಿರುಳು ಒಂದೇ: ಕಾರ್ಮಿಕ ತನ್ನ ಪಾಲು ಕೊಡುತ್ತಾನೆ, ಮಾಲೀಕ ತನ್ನ ಪಾಲು ಕೊಡುತ್ತಾನೆ, ಕಷ್ಟ ಬಂದಾಗ ಕಾರ್ಮಿಕ ಅದನ್ನು ಹಕ್ಕಿನಿಂದ ಪಡೆಯುತ್ತಾನೆ. ಗಿರಣಿ ಕಾರ್ಮಿಕನ ಕಿಸೆಯಲ್ಲಿದ್ದ ವಿಮಾ ಚೀಟಿ ಯಾರ ದಯೆಯೂ ಆಗಿರಲಿಲ್ಲ.

ಮನಿ ಆರ್ಡರಿನ ಕಾಲ

ಆದರೆ ರೈಲ್ವೆ, ಗಿರಣಿ, ಸರಕಾರಿ ಕಚೇರಿಗಳಲ್ಲಿ ದುಡಿದವರು ಎಷ್ಟು ಜನ? ಹೊಲದಲ್ಲಿ ಕಳೆ ತೆಗೆದವಳು, ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವನು, ಮಗ್ಗದ ಮುಂದೆ ಬೆನ್ನು ಬಾಗಿಸಿದವನು, ಮನೆಮನೆಗೆ ಹೋಗಿ ಪಾತ್ರೆ ತಿಕ್ಕಿದವಳು, ಇವರ ಮುಪ್ಪಿಗೆ ಯಾವ ನಿಧಿಯೂ ಇರಲಿಲ್ಲ.

ನಮ್ಮ ಸಂವಿಧಾನದ 41ನೆಯ ವಿಧಿ ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವಿಕಲತೆಗಳಲ್ಲಿ ಸಾರ್ವಜನಿಕ ನೆರವು ಪಡೆಯುವ ಹಕ್ಕಿಗಾಗಿ ರಾಜ್ಯವು ತನ್ನ ಶಕ್ತಿಯ ಮಿತಿಯಲ್ಲಿ ಏರ್ಪಾಡು ಮಾಡಬೇಕೆಂದು ಹೇಳುತ್ತದೆ. ಇದು ನಿರ್ದೇಶಕ ತತ್ತ್ವಗಳಲ್ಲಿ ಒಂದು. ಆದ್ದರಿಂದ ಇದನ್ನೇ ಆಧಾರವಾಗಿಟ್ಟುಕೊಂಡು ನೇರವಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಲಾಗದು. 'ಹಕ್ಕು' ಎಂಬ ಮಾತು ಅಲ್ಲಿದೆ, 'ಶಕ್ತಿಯ ಮಿತಿಯಲ್ಲಿ' ಎಂಬ ಮಾತೂ ಇದೆ. ಮುಂದಿನ ಇತಿಹಾಸವೆಲ್ಲ ಈ ಎರಡು ಮಾತುಗಳ ನಡುವಿನ ಎಳೆದಾಟ.

ಉತ್ತರ ಪ್ರದೇಶ 1957ರಲ್ಲಿ ವೃದ್ಧಾಪ್ಯ ವೇತನ ಆರಂಭಿಸಿತು. 1956ರ ಏಕೀಕರಣದಿಂದ ಧಾರವಾಡ ಜಿಲ್ಲೆಯನ್ನೂ ಒಳಗೊಂಡಿದ್ದ ನಮ್ಮ ರಾಜ್ಯದಲ್ಲಿ ಅದು 1965ರಲ್ಲಿ ಬಂತು. ನಿರ್ಗತಿಕ ವಿಧವೆಯರ ವೇತನ 1984ರಲ್ಲಿ ಆರಂಭವಾಯಿತು. 1995ರ ಆಗಸ್ಟ್ 15ರಂದು ಕೇಂದ್ರ ಸರಕಾರ 65 ವರ್ಷ ದಾಟಿದ ನಿರ್ಗತಿಕರಿಗೆ ತಿಂಗಳಿಗೆ 75 ರೂಪಾಯಿ ನೆರವು ಕೊಡುವ ರಾಷ್ಟ್ರೀಯ ಯೋಜನೆ ತಂದಿತು. ಕೇಂದ್ರದ ಈ ಪಾಲು 2006ರಲ್ಲಿ 200 ರೂಪಾಯಿ ಆಯಿತು. 2007ರಲ್ಲಿ ಕರ್ನಾಟಕ ಸರಕಾರ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿ, ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಮೊದಲಾದ ಅಸಂಘಟಿತ ದುಡಿಮೆಗಾರರಿಗೆ 65 ವರ್ಷದ ನಂತರ ತಿಂಗಳಿಗೆ 400 ರೂಪಾಯಿ ಕೊಟ್ಟಿತು. 2021ರ ಜುಲೈಯಲ್ಲಿ ಈ ಮೊತ್ತವನ್ನು 1,000ದಿಂದ 1,200 ರೂಪಾಯಿಗೆ ಏರಿಸುವ ಘೋಷಣೆಯಾಯಿತು.

ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಒಂದು ಮುಖ್ಯ ಸೂಕ್ಷ್ಮವಿದೆ. ಹಳೆಯ ಯೋಜನೆಗಳು 'ನಿರ್ಗತಿಕ' ಎಂಬ ಶಬ್ದದಿಂದ ಆರಂಭವಾಗುತ್ತಿದ್ದವು. ಅರ್ಜಿದಾರ ತನಗೆ ಯಾರೂ ದಿಕ್ಕಿಲ್ಲವೆಂದು ಬರೆದುಕೊಡಬೇಕಿತ್ತು. ಹೊಸ ಯೋಜನೆ ಅವನು ರೈತ, ನೇಕಾರ, ಕೂಲಿಕಾರ ಎಂದು ಅವನ ದುಡಿಮೆಯ ಹೆಸರು ಹಿಡಿದು ಕರೆಯಿತು. ಓಣಿಯ ಮುದುಕಿ ಬಹಳ ಹಿಂದೆಯೇ ಹೇಳಿದ್ದ 'ಪಗಾರ' ಎಂಬ ಮಾತಿನತ್ತ ಸರಕಾರ ಒಂದು ಹೆಜ್ಜೆ ಬಂದಂತಾಯಿತು.

ಒಂದೇ ಊರು, ಎರಡು ತೀರ್ಪು

ಈಗ ಹುಬ್ಬಳ್ಳಿಯ ಒಂದೇ ಓಣಿಯ ಇಬ್ಬರು ಹಿರಿಯರನ್ನು ಕಲ್ಪಿಸಿಕೊಳ್ಳಿ. ಒಬ್ಬರು ರೈಲ್ವೆ ಕಾರ್ಯಾಗಾರದ ನಿವೃತ್ತ ಫಿಟ್ಟರ್. ಎದುರು ಮನೆಯಾಕೆ ಕೂಲಿ ಮಾಡಿ ಮಕ್ಕಳನ್ನು ಸಾಕಿದ ವಿಧವೆ.

ಫಿಟ್ಟರ್ ಕಾಕಾಗೆ ಪಿಂಚಣಿ ಒಂದು ವಾರ ತಡವಾದರೆ ಬ್ಯಾಂಕಿಗೆ ಹೋಗಿ ಏರುದನಿಯಲ್ಲಿ ಕೇಳುತ್ತಾರೆ. ಅವರಿಗೊಂದು ನಿವೃತ್ತರ ಸಂಘವಿದೆ, ರೈಲ್ವೆ ನಡೆಸುವ ಪಿಂಚಣಿ ಅದಾಲತ್ ಇದೆ. ಬೆಲೆ ಏರಿದಂತೆ ಅವರ ಪಿಂಚಣಿಗೆ ತುಟ್ಟಿ ಪರಿಹಾರವೂ ಸೇರುತ್ತದೆ. ಎದುರು ಮನೆಯ ಅವ್ವನಿಗೆ ಬರುವ ಹಣಕ್ಕೆ ಇಂಥ ತುಟ್ಟಿ ಪರಿಹಾರವಿಲ್ಲ. ಜೋಳ, ಎಣ್ಣೆ ತುಟ್ಟಿಯಾದರೂ ಸರಕಾರ ಹೊಸದಾಗಿ ಘೋಷಿಸುವವರೆಗೆ ಮೊತ್ತ ಇದ್ದಷ್ಟೇ ಇರುತ್ತದೆ. ಎರಡು ತಿಂಗಳು ಹಣ ಬರದಿದ್ದರೂ ಆಕೆ ಸುಮ್ಮನಿರುತ್ತಾಳೆ. ಕೇಳಲು ಹೋದರೆ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಿಯಾರು ಎಂಬ ಅಂಜಿಕೆ. ಆಕೆಗೆ ಅದನ್ನು ಪಡೆಯಲು ತಲಾಟಿ, ತಹಶೀಲ್ದಾರ್ ಕಚೇರಿ, ವಯಸ್ಸಿನ ದಾಖಲೆ, ಆದಾಯದ ದಾಖಲೆ ಎಂದು ಎಷ್ಟು ಸಲ ಅಲೆಯಬೇಕಾಯಿತು ಎಂಬುದು ಆಕೆಗೇ ಗೊತ್ತು.

ಹೊರಗಿನವನೊಬ್ಬ ಬಂದು ಇಬ್ಬರನ್ನೂ "ಸರಕಾರ ಹೇಗಿದೆ?" ಎಂದು ಕೇಳಿದನೆನ್ನಿ. ಹೆಚ್ಚು ಪಡೆಯುವ ಕಾಕಾ ಹತ್ತು ತಪ್ಪುಗಳನ್ನು ಎಣಿಸುತ್ತಾರೆ. ಕಡಿಮೆ ಪಡೆಯುವ ಅವ್ವ, "ಏನೋ ಕೊಡತಾರಪ್ಪಾ, ದೇವರು ಅವರನ್ನ ಚೊಲೋ ಇಟ್ಟಿರಲಿ" ಎನ್ನುತ್ತಾಳೆ. ಇದನ್ನು ಬರೆದುಕೊಂಡು ಹೋದವನು ಕಾಕಾ ಅತೃಪ್ತರು, ಅವ್ವ ತೃಪ್ತಳು ಎಂದು ವರದಿ ಮಾಡಿದರೆ ಅದು ದೊಡ್ಡ ತಪ್ಪು. ಕಾಕಾ ದೂರು ಹೇಳುವುದು ತಮ್ಮ ದೂರಿಗೆ ಬೆಲೆ ಇದೆ ಎಂಬ ನಂಬಿಕೆಯಿಂದ. ಅವ್ವ ದೂರು ಹೇಳದಿರುವುದು ಆ ನಂಬಿಕೆ ಇಲ್ಲದ್ದರಿಂದ. ದೂರು ಇಲ್ಲದಿರುವುದು ತೃಪ್ತಿಯ ಗುರುತಲ್ಲ ಎಂಬುದನ್ನು ಇತಿಹಾಸದ ವಿದ್ಯಾರ್ಥಿಗಳು ಮರೆಯಬಾರದು.

ಇದು ನಮ್ಮ ಊರಿನ ಮಾತಷ್ಟೇ ಅಲ್ಲ. ಅಮೆರಿಕದ ರಾಜ್ಯಶಾಸ್ತ್ರಜ್ಞ ಜೋ ಸಾಸ್ ಅಲ್ಲಿನ ಎರಡು ಯೋಜನೆಗಳ ಫಲಾನುಭವಿಗಳನ್ನು ಮಾತನಾಡಿಸಿ 2000ದಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಒಂದು, ದುಡಿಯುವಾಗ ವಂತಿಗೆ ಕಟ್ಟಿದವರಿಗೆ ಸಿಗುವ ಅಂಗವಿಕಲರ ವಿಮೆ. ಇನ್ನೊಂದು, ಬಡ ತಾಯಂದಿರಿಗೆ ಬಡತನವನ್ನು ಪರೀಕ್ಷಿಸಿ ಕೊಡುತ್ತಿದ್ದ ನೆರವು. ಮೊದಲನೆಯವರು ಕಚೇರಿ ತಮ್ಮ ಮಾತಿಗೆ ಕಿವಿಗೊಡುತ್ತದೆ ಎಂದು ನಂಬಿದ್ದರು. ಎರಡನೆಯವರು ಬಾಯಿ ತೆರೆದರೆ ನಷ್ಟವೇ ಹೆಚ್ಚು ಎಂದು ಕಲಿತಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ಅವರು ಆ ಒಂದು ಕಚೇರಿಯಲ್ಲಿ ಕಲಿತ ಪಾಠವನ್ನು ಇಡೀ ಸರಕಾರಕ್ಕೆ ಅನ್ವಯಿಸುತ್ತಿದ್ದರು. ತಹಶೀಲ್ದಾರ್ ಕಚೇರಿಯ ಬಾಗಿಲಲ್ಲಿ ಮೂರು ದಿನ ಕುಳಿತವನು ಆ ಕಚೇರಿಯೊಂದನ್ನೇ ಬಯ್ಯುವುದಿಲ್ಲ. "ಸರಕಾರವೇ ಹಿಂಗ" ಎನ್ನುತ್ತಾನೆ. ನಳದ ನೀರು, ರಸ್ತೆ, ಶಾಲೆ ಎಲ್ಲದಕ್ಕೂ ಅವನು ಕೊಡುವ ಅಂಕ ಆ ಬಾಗಿಲಲ್ಲೇ ಅರ್ಧ ನಿರ್ಧಾರವಾಗಿರುತ್ತದೆ.

ತಡವಾದರೆ ಸರಕಾರವೇ ದಂಡ ತೆರಬೇಕು

ಈ ಹಿನ್ನೆಲೆಯಲ್ಲಿ 2012ನೆಯ ವರ್ಷ ಧಾರವಾಡಕ್ಕೆ ಮಹತ್ವದ್ದು. ನಾಗರಿಕರಿಗೆ ಗೊತ್ತಾದ ಅವಧಿಯೊಳಗೆ ಸೇವೆ ಒದಗಿಸುವ ಹೊಣೆಯನ್ನು ಅಧಿಕಾರಿಗಳ ಮೇಲೆ ಹಾಕುವ ಕಾನೂನನ್ನು ಕರ್ನಾಟಕ 2011ರಲ್ಲಿ ರೂಪಿಸಿತು. 'ಸಕಾಲ' ಎಂದು ಹೆಸರಾದ ಈ ವ್ಯವಸ್ಥೆಯನ್ನು 2012ರ ಮಾರ್ಚ್ 1ರಿಂದ ಪ್ರಾಯೋಗಿಕವಾಗಿ ನಾಲ್ಕು ತಾಲೂಕುಗಳಲ್ಲಿ ನಡೆಸಿ ನೋಡಲಾಯಿತು: ಔರಾದ, ಚಿತ್ರದುರ್ಗ, ಪುತ್ತೂರು ಮತ್ತು ಧಾರವಾಡ. ಏಪ್ರಿಲ್ 2ರಿಂದ ಅದು 11 ಇಲಾಖೆಗಳ 151 ಸೇವೆಗಳಿಗೆ ರಾಜ್ಯದಾದ್ಯಂತ ಜಾರಿಗೆ ಬಂತು. ಪಿಂಚಣಿಯ ಮಂಜೂರಾತಿಯೂ ಸಕಾಲದ ವ್ಯಾಪ್ತಿಗೆ ಬಂತು.

ಅರ್ಜಿ ಕೊಟ್ಟವನಿಗೆ 15 ಅಂಕಿಗಳ ಒಂದು ಸಂಖ್ಯೆ ಸಿಗುತ್ತದೆ. ನಿಗದಿತ ದಿನ ದಾಟಿದರೆ ಅವನು ಮೇಲ್ಮನವಿ ಸಲ್ಲಿಸಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದು. ಆದರೆ ಧಾತು ಬರದ ಕಾಲದಲ್ಲಿ ಪರೀಕ್ಷೆಗೆ ಒಳಗಾಗುತ್ತಿದ್ದವನು ಪ್ರಜೆ; ಇಲ್ಲಿ ಪರೀಕ್ಷೆಗೆ ಒಳಗಾಗುವುದು ಕಚೇರಿ. ನೂರಮೂವತ್ತು ವರ್ಷಗಳಲ್ಲಿ ಆದ ಬದಲಾವಣೆ ಅದು.

ಇದರಿಂದ ಎಲ್ಲವೂ ಸರಿಹೋಯಿತು ಎನ್ನಲಾಗದು. ಸಲ್ಲಿಕೆಯಾದ ಅರ್ಜಿಗಳ ಮುಂದೆ ಪರಿಹಾರ ಕೇಳಿದವರ ಸಂಖ್ಯೆ ಅತ್ಯಲ್ಪ. ಎಲ್ಲ ಅರ್ಜಿಗಳೂ ವೇಳೆಗೆ ಸರಿಯಾಗಿ ಮುಗಿದದ್ದೇ ಇದಕ್ಕೆ ಕಾರಣವೇ, ಅಥವಾ ಎದುರು ಮನೆಯ ಅವ್ವನ ಅಂಜಿಕೆ ಇನ್ನೂ ಉಳಿದಿದೆಯೇ? ಕಾನೂನು ಒಂದು ದಿನದಲ್ಲಿ ಜಾರಿಗೆ ಬರುತ್ತದೆ. ಕೇಳುವ ಧೈರ್ಯ ಬರಲು ಒಂದು ತಲೆಮಾರು ಬೇಕಾಗಬಹುದು.

ಮುಖ ಕಾಣದ ಸರಕಾರ

ಮನಿ ಆರ್ಡರಿನ ಕಾಲ ಈಗ ಮುಗಿದಿದೆ. ಪಿಂಚಣಿ ನೇರವಾಗಿ ಬ್ಯಾಂಕ್ ಅಥವಾ ಅಂಚೆ ಖಾತೆಗೆ ಜಮೆಯಾಗುತ್ತದೆ. ನಡುವೆ ಸೋರಿಕೆ ಕಡಿಮೆಯಾಯಿತು, ನಿಜ. ಆದರೆ ಅಂಚೆಯವನು ಮುದುಕಿಯ ಪಾಲಿಗೆ ಸರಕಾರದ ಮುಖವೂ ಆಗಿದ್ದ. ಅವನನ್ನು ಕೇಳಬಹುದಿತ್ತು, ಗದರಿಸಬಹುದಿತ್ತು. ಆಧಾರ್ ಜೋಡಣೆ ತಪ್ಪಿದ್ದರಿಂದ ಹಣ ನಿಂತರೆ ಆಕೆ ಯಾರನ್ನು ಕೇಳಬೇಕು? ಸವೆದ ಬೆರಳಿನ ಗುರುತು ಯಂತ್ರಕ್ಕೆ ತಿಳಿಯದಿದ್ದರೆ ತಪ್ಪು ಯಾರದು? ಇಂದಿನ ಸರಕಾರಗಳ ಅಂಕಪಟ್ಟಿಯಲ್ಲಿ ಇವು ಹೊಸ ಪ್ರಶ್ನೆಗಳು.

ಇನ್ನೊಂದು ಬದಲಾವಣೆಯನ್ನೂ ನೋಡಿ. 2023ರ ಜೂನ್ 11ರಂದು ರಾಜ್ಯದಲ್ಲಿ ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾಯಿತು. ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳೂ ಇದರಲ್ಲಿ ಸೇರಿದವು. ಆಗಸ್ಟ್ 30ರಂದು ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಈ ಯೋಜನೆಗಳು ಒಳ್ಳೆಯವೇ ಅಲ್ಲವೇ ಎಂಬ ಚರ್ಚೆ ಬೇರೆ. ನಮ್ಮ ವಿಷಯಕ್ಕೆ ಬೇಕಾದದ್ದು ಇಷ್ಟು: ಗೃಹಲಕ್ಷ್ಮಿಯ ಕಂತು ತಡವಾದಾಗ ಹೆಂಗಸರು ಅದನ್ನು ಬಹಿರಂಗವಾಗಿಯೇ ಕೇಳಿದರು, ತಡವಾದ ಕಂತು ಪತ್ರಿಕೆಗಳಲ್ಲೂ ವಿಧಾನಸಭೆಯಲ್ಲೂ ಚರ್ಚೆಯಾಯಿತು. ಓಣಿಯ ಕಟ್ಟೆಯ ಮೇಲೆ ಒಬ್ಬಳೇ ಮುದುಕಿ ಮೆಲುದನಿಯಲ್ಲಿ ಕೇಳುತ್ತಿದ್ದ ಪ್ರಶ್ನೆ ಈಗ ನೂರು ಬಾಯಿಗಳಿಂದ ಬಂತು. ಬಹಳ ಜನಕ್ಕೆ ಸಲ್ಲುವ ಸೌಲಭ್ಯವನ್ನು ಜನ ಒಟ್ಟಾಗಿ ಕೇಳಬಲ್ಲರು; ಕೆಲವರನ್ನು ಮಾತ್ರ ಆರಿಸಿ ಕೊಡುವ ಸೌಲಭ್ಯವನ್ನು ಪ್ರತಿಯೊಬ್ಬರೂ ಒಂಟಿಯಾಗಿಯೇ ಕಾಯಬೇಕಾಗುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಕೈಗೆ ಬಂದ ಹಣವೊಂದರಿಂದಲೇ ಸರಕಾರವನ್ನು ಅಳೆದರೆ, ಕಣ್ಣಿಗೆ ಕಾಣದ ಕೆಲಸಗಳು ಲೆಕ್ಕಕ್ಕೆ ಬರುವುದಿಲ್ಲ. ಹಣದಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು ಎಂದು ತಿಳಿಯದೆ ಹೊಗಳಿಕೆ ಒಬ್ಬರಿಗೆ, ಬೈಗಳು ಇನ್ನೊಬ್ಬರಿಗೆ ಹೋಗುವುದೂ ಉಂಟು. ಕೊಡುವವನು ತನ್ನ ಮನೆಯಿಂದ ತಂದು ಕೊಟ್ಟಂತೆ ಮಾತನಾಡಿದರೆ ಪಗಾರ ಮತ್ತೆ ಮಾಸಾಶನವಾಗುತ್ತದೆ, ಪ್ರಜೆ ಮತ್ತೆ ಬೇಡುವವನಾಗುತ್ತಾನೆ. ಆ ಮುದುಕಿ ಬೆಂಕಿಪೆಟ್ಟಿಗೆ ಕೊಂಡಾಗಲೂ ತೆರಿಗೆ ಕೊಟ್ಟಿದ್ದಾಳೆ ಎಂಬುದನ್ನು ಆಕೆಯೂ ತಿಳಿಯಬೇಕು, ಆಳುವವರೂ ತಿಳಿಯಬೇಕು.

ನೀವೇ ಕೇಳಿ ನೋಡಿ

ಇತಿಹಾಸ ಪುಸ್ತಕದಲ್ಲಿ ಮಾತ್ರ ಇರುವುದಿಲ್ಲ. ಈ ವಾರ ನಿಮ್ಮ ಮನೆಯ ಅಥವಾ ಓಣಿಯ ಇಬ್ಬರು ಹಿರಿಯರನ್ನು ಮಾತನಾಡಿಸಿ. ಒಬ್ಬರು ನೌಕರಿಯ ಪಿಂಚಣಿ ಪಡೆಯುವವರಿರಲಿ, ಇನ್ನೊಬ್ಬರು ಸಾಮಾಜಿಕ ಭದ್ರತಾ ಪಿಂಚಣಿ ಪಡೆಯುವವರಿರಲಿ. ಮೂರೇ ಪ್ರಶ್ನೆ ಕೇಳಿ. ಮೊದಲ ಸಲ ಹಣ ಕೈಗೆ ಬರಲು ಎಷ್ಟು ದಿನ ಹಿಡಿಯಿತು? ತಡವಾದಾಗ ಯಾರನ್ನು ಕೇಳಿದಿರಿ? ಕೇಳಿದ್ದಕ್ಕೆ ಏನು ಉತ್ತರ ಬಂತು? ಉತ್ತರಗಳನ್ನು ಬರೆದುಕೊಂಡು ತರಗತಿಯಲ್ಲಿ ಓದಿ. ಯಾರಾದರೂ "ಯಾರನ್ನೂ ಕೇಳಲಿಲ್ಲ" ಎಂದರೆ ಅಲ್ಲಿಗೇ ನಿಲ್ಲಿಸಬೇಡಿ. ಏಕೆ ಕೇಳಲಿಲ್ಲ ಎಂದು ಇನ್ನೊಂದು ಪ್ರಶ್ನೆ ಕೇಳಿ.

ಆ ಉತ್ತರ ಕೇಳಿದ ಮೇಲೆ, ಅರ್ಜಿ ಬರೆಯಲು ಬಾರದ ಆ ಹಿರಿಯರಿಗೆ ಒಂದು ಅರ್ಜಿ ಬರೆದುಕೊಡಿ. ಸರಕಾರಕ್ಕೆ ಅಂಕ ಕೊಡುವ ಕೆಲಸದಲ್ಲಿ ಅವರ ಕೈಯೂ ಸೇರಿದಂತಾಗುತ್ತದೆ.